ಚೊಗರು ಹತ್ತಿದ ಬಿಳಿ ಸೀರೆ

ಪುಟ್ಟಿ, ಚಿನ್ನೂ,

ಹೋದ ಭಾನುವಾರ ನೀವಿಬ್ಬರೂ ಒಂದು ಬಿಳಿ ಅಂಗಿ ಹಿಡಿದು ನನ್ನ ಮುಂದೆ ನಿಂತಿರಿ. ಎದೆಯ ಮೇಲೆ ಬಾಳೆಗೊನೆಯ ಸೊನೆ ಬಿದ್ದು, ಒಣಗಿ, ಕಂದು ಬಣ್ಣಕ್ಕೆ ತಿರುಗಿತ್ತು. "ಅಜ್ಜಿ, ಇದು ಹೋಗತ್ತಾ?" ಎಂದು ಕೇಳಿದಿರಿ. ಮನೆಯಲ್ಲಿ ನೆಂಟರಿದ್ದರು. ನಾಲ್ಕು ಜನ ಕೂತ ಕಡೆ ನನಗೆ ಮಾತು ಹೊರಡುವುದಿಲ್ಲ, ಅದು ನಿಮಗೂ ಗೊತ್ತು. ನಾನು ಬಾಯಿ ಬಿಡುವಷ್ಟರಲ್ಲಿ ಬಂದವರಲ್ಲಿ ಒಬ್ಬರು ಟೂತ್‌ಪೇಸ್ಟ್ ಹಚ್ಚಿ ಎಂದರು. ಇನ್ನೊಬ್ಬರು ಬ್ಲೀಚಿಂಗ್ ಪೌಡರ್ ಎಂದರು. ಮತ್ತೊಬ್ಬರು ಅಂಗಿಯನ್ನೇ ಬಿಸಾಡಿ ಎಂದರು. ಅವರೆಲ್ಲ ತಮ್ಮ ಬಟ್ಟೆಯನ್ನು ತಾವು ಒಗೆದುಕೊಂಡು ಎಷ್ಟೋ ಕಾಲವಾಗಿದೆ ಎನ್ನುವುದು ಅವರ ಉಗುರು ನೋಡಿದರೇ ತಿಳಿಯುತ್ತಿತ್ತು.

ಕಲೆಯ ವಿಷಯದಲ್ಲಿ ಬುದ್ಧಿ ಹೇಳುವ ಜನರನ್ನು ಕಂಡರೆ ನನಗಾಗುವುದಿಲ್ಲ. ಕಲೆ ಯಾವುದರದ್ದು ಎಂದು ಯಾರೂ ಕೇಳುವುದಿಲ್ಲ. ಮದ್ದು ಮಾತ್ರ ಎಲ್ಲರ ನಾಲಿಗೆಯ ತುದಿಯಲ್ಲೇ ಇರುತ್ತದೆ. ನಿಮ್ಮ ಅಮ್ಮ ಇವತ್ತು ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದಾಳಲ್ಲ, ಅದು ಇಂಥ ಜನರಿಂದ ತಪ್ಪಿ ಹೋಗುವುದರಲ್ಲಿತ್ತು. ಅದನ್ನು ನಾನು ಯಾರಿಗೂ ಬಾಯಿಬಿಟ್ಟು ಹೇಳಿದವಳಲ್ಲ. ಬರೆಯುವುದಕ್ಕೆ ಎದುರಿಗೆ ಯಾರೂ ಕೂತಿರಬೇಕಾಗಿಲ್ಲವಾದ್ದರಿಂದ ಬರೆಯುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಿಮ್ಮ ಅಜ್ಜ ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದರು. ನಾವು ಕ್ವಾರ್ಟರ್ಸಿನಲ್ಲಿದ್ದೆವು. ನಿಮ್ಮ ಅಮ್ಮನಿಗೆ ಶಿವಮೊಗ್ಗದಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತು. ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ಹುಡುಗಿ ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡವೆಂದು ನಿಮ್ಮ ಅಜ್ಜ ತಮ್ಮ ಅಕ್ಕನ ಮನೆಯಲ್ಲಿ ಬಿಟ್ಟರು. ಶಿವಮೊಗ್ಗದ ಆಲ್ಕೊಳದಲ್ಲಿ ಅವರದು ದೊಡ್ಡ ಮನೆ. ನಾನು ಅವರನ್ನು ಅತ್ತಿಗೆ ಎನ್ನುತ್ತಿದ್ದೆ. ಅವರು ನನ್ನನ್ನು ಏನೂ ಎನ್ನುತ್ತಿರಲಿಲ್ಲ. "ಇವ್ಳೇ" ಎಂದರೆ ನಾನು ಎಂದು ತಿಳಿದುಕೊಳ್ಳಬೇಕಾಗಿತ್ತು.

ನರ್ಸ್ ಕೆಲಸವೆಂದರೆ ಅತ್ತಿಗೆಗೆ ಹೇಸಿಗೆ. "ಕಂಡೋರ ಗಾಯ ತೊಳ್ಯೋ ಕೆಲ್ಸ ನಮ್ಮನೆ ಹೆಣ್ಮಗೀಗಾ? ನಿಂಗೇನ್ ಬಡತನ ಬಂದಿತ್ತೋ ತಮ್ಮಾ?" ಎಂದು ನಿಮ್ಮ ಅಜ್ಜನನ್ನು ಮೊದಲ ದಿನವೇ ಕೇಳಿದ್ದರು. ಅವರ ಮೈದುನನ ಮಗನೊಬ್ಬನಿದ್ದ. ಅವನಿಗೆ ನಿಮ್ಮ ಅಮ್ಮನನ್ನು ತರಬೇಕೆಂದು ಅವರ ಆಸೆ. ಆ ಹುಡುಗನ ಬಾಯಲ್ಲಿ ಸದಾ ಗುಟ್ಕಾ. ಯಾರಾದರೂ ಅವನನ್ನು ಹೆಸರೇನಪ್ಪಾ ಎಂದು ಕೇಳಿದರೆ ಮೊದಲು ಎದ್ದು ಹೋಗಿ ಉಗುಳಿ ಬಂದು ಆಮೇಲೆ ಹೇಳಬೇಕಾಗಿತ್ತು. ಅಡಿಕೆ ತೋಟವಿದೆ ಎನ್ನುವುದೊಂದೇ ಅವನ ವಿದ್ಯೆ.

ನಿಮ್ಮ ಅಜ್ಜ ಕೆಟ್ಟವರಲ್ಲ. ಕಾರ್ಖಾನೆಯಲ್ಲಿ ಕಾದ ಕಬ್ಬಿಣದ ಮುಂದೆ ನಿಲ್ಲುತ್ತಿದ್ದರು, ಅಕ್ಕನ ಮುಂದೆ ನಿಲ್ಲಲಾರರು. ಇಬ್ಬರೂ ಸೇರಿ ಒಂದು ಒಪ್ಪಂದಕ್ಕೆ ಬಂದಿದ್ದರು. ಮೊದಲ ಕೆಲವು ತಿಂಗಳ ಪಾಠ ಮುಗಿದ ಮೇಲೆ ಹುಡುಗಿಯರಿಗೆಲ್ಲ ಸಾಲಾಗಿ ದೀಪ ಹಿಡಿಸಿ, ತಲೆಗೆ ಬಿಳಿ ಟೋಪಿ ಇಡುತ್ತಾರೆ. ಇವಳ ತಲೆಗೆ ಆ ಟೋಪಿ ಏರಿದರೆ ಓದು ಮುಂದುವರಿಯಲಿ. ಆ ದಿನ ಇವಳನ್ನು ಹಿಂದೆ ಉಳಿಸಿದರೆ ಓದು ಸಾಕು, ಮದುವೆ. ಹುಡುಗಿಯನ್ನು ಕೇಳಲಿಲ್ಲ, ನನ್ನನ್ನಂತೂ ಕೇಳಲೇ ಇಲ್ಲ.

ಹುಡುಗಿಯರಿಗೆ ಶಾಲೆಯಿಂದಲೇ ಸೀರೆ ಕೊಟ್ಟಿದ್ದರು. ಬಿಳಿ ಕಾಟನ್, ಸಣ್ಣ ನೀಲಿ ಅಂಚು, ಒಬ್ಬೊಬ್ಬರಿಗೆ ಎರಡು. ಒಂದನ್ನು ದಿನಾ ಉಟ್ಟು ಅದು ವಾರ್ಡಿನ ಟಿಂಚರ್ ಕಂಡು ಕಂಡು ಮಾಸಿತ್ತು. ಇನ್ನೊಂದನ್ನು ಟೋಪಿಯ ದಿನಕ್ಕೆಂದು ಗಂಜಿ ಹಾಕಿ ಇಟ್ಟುಕೊಂಡಿದ್ದಳು. ಅದೇ ಅಂಚಿನ ಸೀರೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಕಲೆ ಇರುವ ಸೀರೆ ಉಟ್ಟು ಬಂದವರು ವೇದಿಕೆ ಹತ್ತುವಂತಿಲ್ಲ, ಮುಂದಿನ ಬ್ಯಾಚಿನ ಜೊತೆ ನಿಲ್ಲಬೇಕು ಎಂದು ಅವರ ಟ್ಯೂಟರ್ ಮೇಡಂ ಮೊದಲೇ ಹೇಳಿದ್ದರು.

ಈಗ ಅಡಿಕೆಯ ವಿಷಯ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪನೆಯ ಗಟ್ಟಿ ರಸಕ್ಕೆ ಚೊಗರು ಎನ್ನುತ್ತಾರೆ. ಬೆಂದ ಅಡಿಕೆಗೆ ಅದನ್ನೇ ಹಚ್ಚಿ ಒಣಗಿಸಿದರೆ ಬಣ್ಣ ಬರುತ್ತದೆ, ಬಣ್ಣಕ್ಕೆ ಬೆಲೆ ಬರುತ್ತದೆ. ಅತ್ತಿಗೆಯ ಮನೆಯವರ ತೋಟ ಬೇರೆ ಊರಿನಲ್ಲಿತ್ತು. ಆದರೆ ಆಳುಗಳು ಕದಿಯುತ್ತಾರೆ ಎಂದು ಹಸಿ ಅಡಿಕೆಯನ್ನು ಲಾರಿಯಲ್ಲಿ ತರಿಸಿ ಆಲ್ಕೊಳದ ಮನೆಯ ಹಿತ್ತಲಲ್ಲೇ ಬೇಯಿಸುತ್ತಿದ್ದರು. ಲೋಕದಲ್ಲಿ ಯಾರನ್ನೂ ನಂಬದವರು ಅವರು.

ಆ ದಿನ ಚೊಗರು ಹಚ್ಚಿದ ಅಡಿಕೆಯನ್ನು ಬಿದಿರು ತಟ್ಟಿಯ ಮೇಲೆ ಹರಡಿದ್ದರು. ಪಕ್ಕದ ತಂತಿಯ ಮೇಲೆ ನಿಮ್ಮ ಅಮ್ಮನ ಹೊಸ ಸೀರೆ ಬಿಸಿಲಿಗಿತ್ತು. ಅಕಾಲದಲ್ಲಿ ಮೋಡ ಕವಿಯಿತು, ನಾಲ್ಕು ಹನಿ ಬಿತ್ತು. ಅತ್ತಿಗೆ ಓಡಿ ಬಂದು ತಂತಿಯ ಮೇಲಿದ್ದ ಸೀರೆಯನ್ನು ಎಳೆದು ಅಡಿಕೆಯ ಮೇಲೆ ಹೊದಿಸಿದರು.

ಅವರು ಬೇಕೆಂದೇ ಮಾಡಿದರು ಎಂದು ನಾನು ಹೇಳುವುದಿಲ್ಲ. ಬೇಕೆಂದು ಮಾಡುವವರು ಒಂದು ಗಳಿಗೆಯಾದರೂ ಎದುರಿನವರ ಬಗ್ಗೆ ಯೋಚಿಸಿರುತ್ತಾರೆ. ಅತ್ತಿಗೆ ಅಷ್ಟೂ ಮಾಡಿರಲಿಲ್ಲ. ಅವರ ಕಣ್ಣಿಗೆ ಅದು ಅಗಲವಾದ ಒಂದು ಬಟ್ಟೆ, ಅಡಿಕೆ ಮುಚ್ಚಲು ಸಾಲುತ್ತದೆ, ಅಷ್ಟೇ. ನಿಮ್ಮ ಅಮ್ಮ ಕ್ಲಾಸು ಮುಗಿಸಿ ಬಂದು ನೋಡಿ ಅತ್ತಾಗ, "ಅಯ್ಯ, ಬಟ್ಟೆ ಒಗುದ್ರೆ ಹೋಗತ್ತೆ. ಅಡಕೆ ಬಣ್ಣ ಹೋದ್ರೆ ಬರತ್ತೇನೇ?" ಎಂದರಂತೆ.

ಆಮೇಲೆ ಅವರಿಗೆ ಒಳ್ಳೆಯತನ ಉಕ್ಕಿತು. ಅಡಿಕೆ ಬೇಯಿಸುವ ತಾಮ್ರದ ಹಂಡೆಯಲ್ಲಿ ಬಟ್ಟೆ ನೆನೆಸಿದರೆ ಹಂಡೆ ಕೆಡುತ್ತದೆ. ಅದಕ್ಕೆ ಹಳೆಯ ಕಬ್ಬಿಣದ ಬಾಂಡ್ಲಿ ತೆಗೆದು, ಕುದಿಯುವ ನೀರು ಹುಯ್ದು, ಸೋಡಾ ಹಾಕಿ, ಟೀವಿಯಲ್ಲಿ ಒಬ್ಬಳು ಕುಣಿದು ಕುಣಿದು ತೋರಿಸುತ್ತಿದ್ದ ಸೋಪಿನ ಪುಡಿಯನ್ನೂ ಸುರಿದು ಸೀರೆಯನ್ನು ಅದರಲ್ಲಿ ಮುಳುಗಿಸಿದರು. ಬೆಳಿಗ್ಗೆ ತೆಗೆದಾಗ ಕೆಂಪಗಿದ್ದ ಕಲೆಯೆಲ್ಲ ಕಪ್ಪಗಾಗಿತ್ತು.

ಸಂಜೆಯ ಬಸ್ಸಿಗೆ ನಿಮ್ಮ ಅಮ್ಮ ಭದ್ರಾವತಿಗೆ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಕವರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಮ್ಮಾ, ನೋಡಿ ಬೈಬೇಡ."

"ನಿನ್ನ್ಯಾಕೆ ಬೈಲಿ? ಏನದು?"

"ಟೋಪಿ ದಿನದ್ ಸೀರೆ. ಅತ್ತೆ ಹೇಳಿದ್ರು, ನಿಮ್ಮಮ್ಮಂಗೆ ಕೊಡು, ಅವ್ಳಿಗೆ ಬೇರೆ ಏನ್ ಕೆಲ್ಸ ಅಂತ."

ನೆಲದ ಮೇಲೆ ಬಿಡಿಸಿದೆ. ಸೀರೆಯ ನಡುಭಾಗದ ತುಂಬ, ಒಂದು ಮೂಲೆಯವರೆಗೂ ಅಡಿಕೆಯ ಗುಂಡು ಗುಂಡು ಗುರುತು, ಬ್ಲಾಕ್ ಪ್ರಿಂಟ್ ಮಾಡಿಸಿದ ಹಾಗೆ. ಸೆರಗನ್ನು ತಿರುಗಿಸಿ ಉಟ್ಟರೂ ಮುಚ್ಚುವ ಹಾಗಿರಲಿಲ್ಲ, ನೆರಿಗೆ ಬರುವುದೇ ಅಲ್ಲಿ. ಸಮಾರಂಭಕ್ಕೆ ಒಂದು ವಾರವಿತ್ತು.

ಕ್ವಾರ್ಟರ್ಸಿನಲ್ಲಿ ಗೋಡೆಗಳು ತೆಳು. ಬೆಳಗಾಗುವಷ್ಟರಲ್ಲಿ ವಿಷಯ ಎಲ್ಲರಿಗೂ ತಲುಪಿತ್ತು. ಹಿತ್ತಲಿಗೆ ಹೆಂಗಸರು ಬಂದರು, ಹೆರಿಗೆ ಆದ ಮನೆಗೆ ಬಂದ ಹಾಗೆ. ಪಕ್ಕದ ಮನೆಯ ತಮಿಳಿನಾಕೆ, "ಅಕ್ಕಾ, ಸೀಮೆಣ್ಣೆ ಹಾಕಿ ಉಜ್ಜು, ಎಲ್ಲಾ ಪೋಯಿಡುಂ" ಎಂದಳು. ಅವಳಿಗೆ ಹಲ್ಲುನೋವಿಗೂ ಸೀಮೆಎಣ್ಣೆಯೇ ಮದ್ದು. ಆದರೆ ಅವಳು ಹೇಳಿ ಸುಮ್ಮನಾದಳು. ಎದುರು ಮನೆಯ ಫೋರ್‌ಮನ್ನಿನ ಹೆಂಡತಿ ಹೇಳಿ ಸುಮ್ಮನಾಗುವವಳಲ್ಲ. ಒಂದು ಡಬ್ಬಿ ಹಿಡಿದೇ ಬಂದಿದ್ದಳು.

"ಇವ್ರಿಗೆಲ್ಲ ಏನ್ ಗೊತ್ತು ರೀ, ಹಳ್ಳಿ ಕಾಲದ್ದು ಹೇಳ್ತಾರೆ. ಬ್ಲೀಚಿಂಗ್ ಹಾಕಿ. ಬೆಳ್ಳಗೆ ಹಾಲಿನ್ ಥರ ಆಗತ್ತೆ. ನಮ್ಮನೆಯವ್ರ ಶರ್ಟ್ ನೋಡಿಲ್ವಾ ನೀವು?"

ಅವಳ ಮನೆಯವರ ಶರ್ಟನ್ನು ನಾನು ನೋಡಿದ್ದೆ. ಕಂಕುಳಲ್ಲಿ ಹರಿದಿತ್ತು. ಬೇಡ ಎಂದು ಹೇಳಬೇಕೆಂದು ನನ್ನ ಬಾಯಿಗೆ ಬಂದಿತ್ತು, ಹೊರಗೆ ಬರಲಿಲ್ಲ. ಅವಳು ಒಂದು ಮೂಲೆಗೆ ಸುರಿದೇಬಿಟ್ಟಳು. ಸ್ವಲ್ಪ ಹೊತ್ತಿಗೆ ಅಲ್ಲಿನ ಕಪ್ಪು ಹೋಗಿ ತುಕ್ಕಿನ ಹಳದಿ ಬಂತು, ನೂಲು ಪಿಸಿಯಿತು.

"ಇದು ಬಟ್ಟೇದೇ ದೋಷ ರೀ. ಕ್ವಾಲಿಟಿ ಇಲ್ಲ" ಎಂದು ಹೇಳಿ ಡಬ್ಬಿ ಮುಚ್ಚಿಕೊಂಡು ಹೋದಳು.

ಹಿತ್ತಲ ಬಾಗಿಲು ಹಾಕಿ ಚಿಲಕ ಇಟ್ಟೆ. ಆಮೇಲೆ ಯಾರು ಬಡಿದರೂ ತೆಗೆಯಲಿಲ್ಲ. ನನಗೆ ಜಂಬ ಬಂದಿದೆ ಎಂದು ಕ್ವಾರ್ಟರ್ಸಿನಲ್ಲಿ ಮಾತಾಯಿತಂತೆ. ಆಗಲಿ.

ಬಾಗಿಲು ಹಾಕಿದ ಮೇಲೆ ಸೀರೆಯನ್ನು ನಿಧಾನವಾಗಿ ನೋಡಿದೆ. ಆ ಕಪ್ಪನ್ನು ನಾನು ಎಲ್ಲೋ ಕಂಡಿದ್ದೆ. ಹೊಳಲೂರಿನ ಕಡೆಯ ನಮ್ಮ ಊರಿನ ಶಾಲೆಯಲ್ಲಿ ಮಸಿ ಕೊಳ್ಳುವವರಿರಲಿಲ್ಲ. ಅಳಲೆಕಾಯಿ ಜಜ್ಜಿ ಕುದಿಸಿ, ಆ ಒಗರು ನೀರಿಗೆ ತುಕ್ಕು ಹಿಡಿದ ಮೊಳೆ ಹಾಕಿಡುತ್ತಿದ್ದೆವು. ಕರಿಯ ಮಸಿ ಆಗುತ್ತಿತ್ತು. ಅತ್ತಿಗೆ ಮಾಡಿದ್ದೂ ಅದನ್ನೇ. ಅಳಲೆಕಾಯಿಯ ಬದಲು ಅಡಿಕೆಯ ಒಗರು, ಮೊಳೆಯ ಬದಲು ಬಾಂಡ್ಲಿ. ಮಸಿ ಮಾಡಿ ಅದರಲ್ಲಿ ಸೀರೆ ಅದ್ದಿ, ಕಲೆ ಯಾಕೆ ಹೋಗಲಿಲ್ಲ ಎಂದು ಸೋಪಿನ ಪುಡಿಯನ್ನು ಬೈಯುತ್ತಿದ್ದರು.

ಮಸಿ ಬಿದ್ದ ನನ್ನ ಲಂಗಕ್ಕೆ ನಮ್ಮವ್ವ ಹೇರಳೆಕಾಯಿ ಹೋಳು ಉಜ್ಜುತ್ತಿದ್ದಳು. ಹೇರಳೆ ಎಂದರೆ ನಾವು ಉಪ್ಪಿನಕಾಯಿ ಹಾಕುವ ದೊಡ್ಡ ಹುಳಿ ಹಣ್ಣು. ನಿಮ್ಮ ಅಜ್ಜನಿಗೆ ಸಂತೆಯಿಂದ ತರಲು ಹೇಳಿದೆ. "ಉಪ್ಪಿನಕಾಯಿ ಹಾಕೋ ಹೊತ್ತಾ ಇದು?" ಎಂದರು. ಆದರೂ ತಂದರು.

ನಿಮಗೆ ಬೇಕಾದದ್ದು ಇದು ತಾನೆ, ಸರಿಯಾಗಿ ಕೇಳಿ. ಬಾಳೆಯ ಸೊನೆಯೂ ಒಗರೇ, ಅದಕ್ಕೂ ಇದೇ ದಾರಿ. ಮೊದಲು ಬರೀ ತಣ್ಣೀರಿನಲ್ಲಿ ಜಾಲಿಸಿ ಜಾಲಿಸಿ ಸೋಪು, ಸೋಡಾ ಎಲ್ಲ ತೆಗೆದೆ. ಸೋಪು ಒಳಗಿದ್ದರೆ ಹುಳಿ ಕೆಲಸ ಮಾಡುವುದಿಲ್ಲ. ಕಪ್ಪು ಇದ್ದ ಕಡೆಗೆಲ್ಲ ಪುಡಿ ಉಪ್ಪು ಹಾಕಿ, ಹೇರಳೆ ಹೋಳಿನಿಂದ ಮೆಲ್ಲಗೆ ತಿಕ್ಕಿ, ಹಿತ್ತಲ ಹುಲ್ಲಿನ ಮೇಲೆ ಬಿಸಿಲಿಗೆ ಹರಡಿದೆ. ರಸ ಒಣಗಲು ಬಿಡದೆ ಮತ್ತೆ ಹಿಂಡಿದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಜಾಲಿಸಿದೆ. ಕಬ್ಬಿಣವನ್ನು ಹತ್ತಿರ ಸೇರಿಸಲಿಲ್ಲ. ಮಾರನೆಯ ದಿನ ಮತ್ತೆ ಅದೇ. ಕಪ್ಪು ಬೂದುಬಣ್ಣವಾಯಿತು, ಬೂದು ಹೋಗಿ ಮೊದಲಿನ ಕೆಂಪುಗಂದು ಮೇಲೆ ಬಂತು. ಅಲ್ಲಿಗೆ ಹೇರಳೆಯ ಕೆಲಸ ಮುಗಿಯಿತು. ಉಳಿದ ಚೊಗರಿನ ಕೆಂಪು ಹೋಗಲೆಂದು ಸೀರೆಯನ್ನು ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಜಾಲಿಸಿ, ಒದ್ದೆಯಾಗಿಯೇ ಹುಲ್ಲಿನ ಮೇಲೆ ಹಾಸಿ, ಒಣಗಿದ ಹಾಗೆಲ್ಲ ನೀರು ಚಿಮುಕಿಸುತ್ತಾ ಕೂತೆ. ಬಿಸಿನೀರಿಲ್ಲ, ಬ್ರಶ್ಶಿಲ್ಲ. ಕಲೆ ತೆಗೆಯುವುದು ಎಂದರೆ ಮುಕ್ಕಾಲು ಪಾಲು ಕಾಯುವುದು. ಅದಕ್ಕೇ ಜನರಿಗೆ ಆಗುವುದಿಲ್ಲ. ಅವರಿಗೆ ಡಬ್ಬಿ ಬೇಕು.

ನಿಮ್ಮ ಅಜ್ಜ ಕಾರ್ಖಾನೆಯಿಂದ ಬಂದವರೇ ಹಿತ್ತಲಿಗೆ ಇಣುಕಿ "ಹೋಯ್ತಾ?" ಎನ್ನುತ್ತಿದ್ದರು. ಇಲ್ಲ ಎಂದರೆ ನಿಟ್ಟುಸಿರು ಬಿಟ್ಟು ಕಾಫಿ ಕೇಳುತ್ತಿದ್ದರು. ಅವರ ಸಹಾಯ ಅಷ್ಟು.

ಸಮಾರಂಭಕ್ಕೆ ಎರಡು ದಿನವಿದೆ ಎನ್ನುವಾಗ ಅತ್ತಿಗೆಯೇ ಬಂದಿಳಿದರು. ಕೈಯಲ್ಲಿ ಹೂವು, ಬಾಳೆಹಣ್ಣು. ಹೆಣ್ಣು ಕೇಳಲು ಬರುವಾಗ ತರುವ ಹಾಗೆ. ಪಡಸಾಲೆಯಲ್ಲಿ ಕೂತು ತಮ್ಮನ ಮುಂದೆ ಶುರುಮಾಡಿದರು.

"ಏನೋ ತಮ್ಮಾ, ಹುಡುಗನ ಮನೆಯವ್ರಿಗೆ ಯಾವತ್ತು ಬನ್ನಿ ಅನ್ಲಿ? ಅವ್ರೂ ಎಷ್ಟು ದಿನ ಅಂತ ಕಾಯ್ತಾರೆ?"

"ಇನ್ನೂ ಟೋಪಿ ದಿನ ಬಂದಿಲ್ವಲ್ಲಕ್ಕ."

"ಬಂದ್ರೆ? ಉಡೋಕ್ ಸೀರೆ ಇಲ್ಲ, ತಲೆಗ್ ಟೋಪಿಯಂತೆ! ಸ್ಕೂಲ್ನವ್ರ್ ವಾಪಸ್ ಕಳ್ಸಿ ನಾಲ್ಕ್ ಜನ ನೋಡಿ ನಗೋದ್ರ ಬದ್ಲು, ನಾವೇ ಬಿಡಿಸಿದ್ವಿ ಅಂದ್ರೆ ಮರ್ಯಾದೆ ಉಳ್ಯತ್ತೆ. ಹೂಂ ಅನ್ನು."

ನಿಮ್ಮ ಅಜ್ಜ ಹೂಂ ಎನ್ನಲು ಬಾಯಿ ತೆಗೆದರು. ಆ ವಾರವೆಲ್ಲ ನಮ್ಮ ಜೊತೆಯೇ ಉಳಿದು ಕ್ಲಾಸಿಗೆ ಓಡಾಡುತ್ತಿದ್ದ ನಿಮ್ಮ ಅಮ್ಮ ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದಳು. ಅವಳು ನನ್ನ ಕೈ ಹಿಡಿದುಕೊಂಡ ರೀತಿಗೆ ನನ್ನ ಬಳೆ ಒತ್ತಿತು. ನಾನು ಬಾಗಿಲ ಹೊರಗೆ ಬರಲಿಲ್ಲ. ಬಾಗಿಲ ಹಿಂದಿನಿಂದಲೇ ಹೇಳಿದೆ.

"ಸೀರೆ ಇನ್ನೂ ಹಿತ್ತಲಲ್ಲಿದೆ ಅತ್ಗೆ. ಅದು ಒಣಗೋವರ್ಗೂ ಆ ಮಾತು ಬೇಡ."

"ಅಯ್ಯ ಶಿವನೇ! ಇವ್ಳಿಗ್ ನಾಲ್ಗೆ ಐತೆ ಅಂತ ಇವತ್ ಗೊತ್ತಾಯ್ತ್ ನೋಡೋ ತಮ್ಮಾ" ಎಂದರು. ನಕ್ಕರು. ನಿಮ್ಮ ಅಜ್ಜ ನಗಲಿಲ್ಲ. ಹೂಂ ಎನ್ನಲೂ ಇಲ್ಲ. ಅವರ ಆಯುಷ್ಯದಲ್ಲಿ ಅಕ್ಕನಿಗೆ ಎದುರಾಡಿದ್ದು ಅಂದರೆ ಅದೇ, ಸುಮ್ಮನೆ ಕೂತದ್ದು.

ಅತ್ತಿಗೆ ಹಿತ್ತಲಿಗೆ ಹೋದರು. ಹುಲ್ಲಿನ ಮೇಲೆ ಹಾಸಿದ್ದ ಸೀರೆಯ ಅಂಚನ್ನು ಬಗ್ಗಿ ಎತ್ತಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಎತ್ತಿ ನೋಡಿದರು. ಕಪ್ಪು ಇರಲಿಲ್ಲ. ಗುಂಡು ಗುರುತು ತೆಳುವಾಗಿ, ಚಹಾ ಚೆಲ್ಲಿ ಒರೆಸಿದ ಹಾಗೆ ಉಳಿದಿತ್ತು.

"ಇದ್ ಮಾತ್ರ ಜನ್ಮಕ್ ಹೋಗಲ್ಲ ಮಾರಾಯ್ತಿ. ಚೊಗರು ಅಂದ್ರೆ ಏನಂದ್ಕಂಡೆ ನೀನು? ನಮ್ ಅಡಕೆ ಆಳುಗಳ ಪಂಚೆ ನೋಡು, ಸಾಯೋವರ್ಗೂ ಹಂಗೇ ಇರತ್ತೆ."

ಇಷ್ಟು ತಿಳಿದವರು ಅದನ್ನು ತಂತಿಯಿಂದ ಎಳೆಯುವಾಗ ಯಾಕೆ ನೆನಪಿಸಿಕೊಳ್ಳಲಿಲ್ಲ ಎಂದು ನಾನು ಕೇಳಲಿಲ್ಲ. ಒಂದು ದಿನಕ್ಕೆ ಒಂದು ಮಾತು ನನಗೆ ಸಾಕಾಗಿತ್ತು. ಅವರು ಹೂವು ಹಣ್ಣನ್ನು ನಮ್ಮ ಮನೆಯಲ್ಲಿ ಬಿಡದೆ ವಾಪಸ್ಸು ತೆಗೆದುಕೊಂಡು ಹೋದರು. ಬಾಳೆಹಣ್ಣನ್ನೂ.

ಇನ್ನುಳಿದ ಬಿಸಿಲಿನಲ್ಲಿ ಆದಷ್ಟು ಮಾಡಿದೆ. ಕೊನೆಗೆ ಒಂದು ಛಾಯೆ ಉಳಿದೇ ಉಳಿಯಿತು. ಪೂರ್ತಿ ಹೋಯಿತು ಎಂದು ನಿಮಗೆ ಸುಳ್ಳು ಹೇಳುವುದಿಲ್ಲ. ಪೂರ್ತಿ ಹೋಗುತ್ತದೆ ಎಂದು ಹೇಳುವವರು ಪುಡಿ ಮಾರುವವರು. ನೀರಿಗೆ ನೀಲಿ ಹಾಕಿ ಅದ್ದಿ, ಗಟ್ಟಿ ಗಂಜಿ ಹಾಕಿದೆ. ನೀಲಿ ಬಿದ್ದ ಮೇಲೆ ಆ ಹಳದಿ ಛಾಯೆ ಕಣ್ಣಿಗೆ ಬೀಳುವುದು ಕಷ್ಟ. ಬ್ಲೀಚಿಂಗ್ ತಿಂದ ಮೂಲೆಯನ್ನು ಒಳಗೆ ಮಡಿಸಿ ಹೊಲಿದೆ. ಅದು ಸೊಂಟಕ್ಕೆ ಸಿಕ್ಕಿಸುವ ಭಾಗ.

ಟೋಪಿಯ ದಿನ ನಿಮ್ಮ ಅಜ್ಜ, ನಾನು ಇಬ್ಬರೂ ಶಿವಮೊಗ್ಗಕ್ಕೆ ಹೋದೆವು. ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂತೆವು. ಮೊದಲ ಸಾಲಿನಲ್ಲಿ ಅತ್ತಿಗೆ, ಜರಿ ಸೀರೆ ಉಟ್ಟು. ಕರೆಯದಿದ್ದರೂ ಬಂದಿದ್ದರು. ಯಾಕೆ ಬಂದಿದ್ದಾರೆಂದು ನನಗೆ ಗೊತ್ತಿತ್ತು.

ಒಳಗೆ ನಡೆದದ್ದನ್ನು ನಿಮ್ಮ ಅಮ್ಮ ಆಮೇಲೆ ಹೇಳಿದಳು. ಸಾಲಾಗಿ ನಿಲ್ಲಿಸಿ ಮೇಡಂ ಒಬ್ಬೊಬ್ಬರನ್ನೇ ನೋಡುತ್ತಾ ಬಂದರಂತೆ. ಇವಳ ಮುಂದೆ ನಿಂತು, ಬಗ್ಗಿ, ಒಂದು ನೆರಿಗೆಯನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರಂತೆ.

"ಏನಿದು?"

"ಅಡಕೆ ಚೊಗರು ಮೇಡಂ."

"ಸುಳ್ ಹೇಳ್ಬೇಡ. ನಮ್ಮನೇಲೂ ಅಡಕೆ ಇದೆ. ಚೊಗರಾಗಿದ್ರೆ ಇಷ್ಟಕ್ಕೆ ಬಿಡ್ತಿತ್ತಾ?"

"ನಮ್ಮಮ್ಮ ತೆಗೆದ್ರು ಮೇಡಂ."

ಮೇಡಂ ಇನ್ನೊಂದು ಸಲ ನೋಡಿ, "ಸಂಜೆ ಹೇಗೆ ತೆಗೆದ್ರು ಅಂತ ಹೇಳ್ಬಿಟ್ ಹೋಗು" ಎಂದು ಮುಂದಿನವಳ ಹತ್ತಿರ ಹೋದರಂತೆ.

ದೀಪ ಹಿಡಿದು ಹುಡುಗಿಯರು ವೇದಿಕೆಗೆ ಬಂದರು. ನಾನು ಇವಳ ಮುಖ ನೋಡುತ್ತಿದ್ದೆ. ನಿಮ್ಮ ಅಜ್ಜನೂ ನೋಡುತ್ತಿದ್ದರು, ಅವರ ಕಣ್ಣು ಒದ್ದೆಯಾಗಿತ್ತು. ಅತ್ತಿಗೆ ಮಾತ್ರ ಕನ್ನಡಕ ಏರಿಸಿಕೊಂಡು, ಕತ್ತು ಮುಂದೆ ಚಾಚಿ, ಇವಳ ನೆರಿಗೆಯಲ್ಲಿ ಹುಡುಕುತ್ತಿದ್ದರು. ಟೋಪಿ ಇಟ್ಟಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸದ್ದು ಕೇಳಿ ಅವರು ತಲೆಯೆತ್ತುವ ಹೊತ್ತಿಗೆ ಇವಳು ಆಗಲೇ ಇಳಿದು ಬರುತ್ತಿದ್ದಳು. ಅಷ್ಟು ಹತ್ತಿರ ಕೂತು ಅವರಿಗೆ ಕಂಡದ್ದು ಒಂದು ಬಟ್ಟೆ.

ಹೊರಗೆ ಬಂದ ಮೇಲೆ ಅತ್ತಿಗೆ ಯಾರೋ ಪರಿಚಯದವರಿಗೆ ಹೇಳುತ್ತಿದ್ದರು, ನಾನು ಹಿಂದೆಯೇ ನಿಂತಿದ್ದೆ. "ನಮ್ ತಮ್ಮನ ಮಗಳು. ನಮ್ಮನೇಲೇ ಇಟ್ಕೊಂಡು ಓದಿಸ್ತಾ ಇದೀವಿ. ಮೊನ್ನೆ ಸೀರೆಗ್ ಚೊಗರಾಗಿತ್ತು, ನಾನೇ ರಾತ್ರಿಯೆಲ್ಲ ಸೋಪಲ್ಲಿ ನೆನ್ಸಿಟ್ಟು ತೆಗೆದೆ."

ಮಾರನೆಯ ವಾರವೇ ನಿಮ್ಮ ಅಮ್ಮನನ್ನು ಅವರ ಮನೆಯಿಂದ ಬಿಡಿಸಿದೆವು. ಓದು ಮುಗಿಯುವವರೆಗೂ ಅವಳು ಭದ್ರಾವತಿಯಿಂದಲೇ ಬಸ್ಸಿನಲ್ಲಿ ಓಡಾಡಿದಳು. ಅವಳಿಗೆ ಕೆಲಸ ಸಿಕ್ಕ ಮೇಲೆ ಅತ್ತಿಗೆಗೆ ಬೀಪಿ, ಶುಗರ್ ಎಲ್ಲ ಬಂತು. ಆಗ "ನಮ್ಮನೆ ಹುಡ್ಗಿ ನರ್ಸು, ಕರೆದ್ರೆ ಬರ್ತಾಳೆ" ಎಂದು ಊರಿಗೆಲ್ಲ ಹೇಳಿಕೊಂಡರು. ಅವಳು ಕರೆದಾಗ ಹೋದಳು ಎನ್ನುವುದು ನಿಜ. ಅದು ಅವಳ ಗುಣ, ನನ್ನದಲ್ಲ.

ಈಗ ನಿಮ್ಮ ಅಜ್ಜನೂ ಇಲ್ಲ, ಅತ್ತಿಗೆಯೂ ಇಲ್ಲ. ಆದರೆ ಅತ್ತಿಗೆಯ ಮಾತು ಅವರ ಮಕ್ಕಳ ಮನೆಯಲ್ಲಿ ಇನ್ನೂ ಇದೆ. ಹೋದ ಭಾನುವಾರ ಬಂದಿದ್ದ ನೆಂಟರು ಅವರೇ. ನೀವು ಅಂಗಿ ತಂದಾಗ ಅವರಲ್ಲೊಬ್ಬರು ನಿಮಗೆ ಹೇಳಿದ್ದು ನೆನಪಿದೆಯಾ? "ನಿಮ್ಮಮ್ಮನ ಸೀರೆ ಕಲೆ ನಮ್ಮಮ್ಮನೇ ತೆಗೆದಿದ್ದು, ಇಲ್ದಿದ್ರೆ ಅವ್ಳೆಲ್ಲಿ ನರ್ಸ್ ಆಗ್ತಿದ್ಲು?" ನೀವು ನನ್ನ ಕಡೆ ನೋಡಿದಿರಿ. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಅವರೆದುರು ಜಗಳ ಮಾಡುವುದು ನನ್ನಿಂದ ಆಗದು. ನೀವೂ ಮಾಡಬೇಡಿ, ಅವರು ಅಷ್ಟಕ್ಕೆ ಯೋಗ್ಯರಲ್ಲ. ಈ ಹಾಳೆಗಳನ್ನು ಮಾತ್ರ ಹಳೇ ಪೇಪರಿನ ಜೊತೆ ಕಟ್ಟಿ ಹಾಕಬೇಡಿ. ನಿಮ್ಮ ಅಮ್ಮನ ಸರ್ಟಿಫಿಕೇಟುಗಳಿರುವ ಫೈಲಿನೊಳಗೆ ಸೇರಿಸಿ, ಬೀರುವಿನ ಮೇಲಿನ ಅರೆಯಲ್ಲಿ ಇಡಿ. ನಾನಿಲ್ಲದ ಕಾಲಕ್ಕೆ ಆ ಮನೆಯವರು ಯಾರಾದರೂ ಬಂದು ನಿಮ್ಮ ಅಮ್ಮನನ್ನು ತಾವು ಓದಿಸಿದೆವೆಂದು ಹೇಳಿದರೆ, ಅವರಿಗೆ ಕಾಫಿ ಕೊಟ್ಟು ಕಳಿಸಿ, ಬಾಗಿಲು ಹಾಕಿಕೊಂಡು, ನೀವಿಬ್ಬರು ಓದಿಕೊಳ್ಳಿ.